ಮಗಳು ಒಳಗೆ ಆಡುತ್ತಾಳೆ, ನಾನು ಹೊರಗೆ ಏನು ಮಾಡಲಿ?

ಪ್ರಶ್ನೆ: ಸರ್, ನಾವು ಹಾಸನದವರು. ಮಗಳಿಗೆ 8 ವರ್ಷ, ಮೂರನೇ ಕ್ಲಾಸು. ಎರಡು ವರ್ಷದಿಂದ ಚೆಸ್ ಕಲಿಯುತ್ತಿದ್ದಾಳೆ. ಮುಂದಿನ ತಿಂಗಳು ಮೈಸೂರಿನಲ್ಲಿ 9 ವರ್ಷದೊಳಗಿನ ಹುಡುಗಿಯರ ಟೂರ್ನಿ ಇದೆ, ಮೂರು ದಿನ. ಈಚೆಗೆ ನಮ್ಮೂರಲ್ಲೇ ಒಂದು ದಿನದ ಟೂರ್ನಿಗೆ ಕರೆದುಕೊಂಡು ಹೋಗಿದ್ದೆ. ಆಟ ಶುರುವಾದ ಕೂಡಲೇ ಪೋಷಕರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮೂರನೇ ರೌಂಡ್ ಮುಗಿಸಿ ಅಳುತ್ತಾ ಬಂದಳು. ಎದುರಿನ ಹುಡುಗ ಕುದುರೆ ಮುಟ್ಟಿ, ಅದನ್ನು ಬಿಟ್ಟು ಆನೆ ನಡೆಸಿದನಂತೆ. ಇವಳು ಬಾಯಿ ಬಿಟ್ಟಿಲ್ಲ. ನಾನು ಒಳಗೆ ಹೋಗಿ ಕೇಳಿದರೆ ಆರ್ಬಿಟರ್ (ಆಟದ ತೀರ್ಪುಗಾರರು) "ಮೇಡಂ, ದಯವಿಟ್ಟು ಹೊರಗೆ ಇರಿ" ಅಂದರು. ತುಂಬಾ ಅವಮಾನವಾಯಿತು. ನನಗೆ ಚೆಸ್ ಬರಲ್ಲ. ನಾನಿದ್ದರೆ ಅವಳಿಗೆ ಟೆನ್ಷನ್ ಜಾಸ್ತಿ, ಕೋಚ್ ಜೊತೆ ಕಳಿಸಿಬಿಡು ಅಂತಾರೆ ನಮ್ಮ ಯಜಮಾನರು. ಅತ್ತೆಗೆ ಮೊಮ್ಮಗಳು ಆಡೋದು ನೋಡಬೇಕು ಅಂತ ಆಸೆ. ಇಷ್ಟು ಚಿಕ್ಕ ಮಗುವನ್ನು ತಾಯಿಯ ಕಣ್ಣಿಂದ ಮರೆಮಾಡಿ ಕೂರಿಸೋದು ಸರಿಯಾ? ನಾನು ಹೋಗಬೇಕಾ, ಬೇಡವಾ?

ಉತ್ತರ: ಹೋಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಮಗಳಿಗೆ ಅನ್ಯಾಯ ಆಯಿತಾ? ಬಾಗಿಲು ಹಾಕಿದ್ದು ಸರಿಯಾ? ನೀವು ಅಲ್ಲಿದ್ದರೆ ಅವಳಿಗೆ ಒಳ್ಳೆಯದಾ, ಕೆಟ್ಟದ್ದಾ? ಇಪ್ಪತ್ತು ವರ್ಷಕ್ಕೂ ಜಾಸ್ತಿ ಆರ್ಬಿಟರ್ ಆಗಿ ಆ ಬಾಗಿಲ ಒಳಗೆ ನಿಂತಿದ್ದೇನೆ. ನನ್ನ ಮಗ ಆಡುತ್ತಿದ್ದಾಗ ಅದೇ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಕೂತಿದ್ದೇನೆ. ಎರಡೂ ಕಡೆಯ ಸಂಕಟ ಗೊತ್ತು.

ಕುದುರೆಯ ವಿಷಯ ಮೊದಲು ನೋಡೋಣ. ನಡೆಸಬೇಕು ಅಂತ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಇದು ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ನಿಯಮ. ಕಾಯಿ ವಾರೆಯಾಗಿ ಕೂತಿದೆ, ಸರಿಮಾಡಬೇಕು ಅಂದರೆ ತನ್ನ ಸರದಿಯಲ್ಲಿ "ಅಡ್ಜಸ್ಟ್" ಅಂತ ಹೇಳಿಯೇ ಮುಟ್ಟಬೇಕು. ತೋಳು ತಾಗಿ ಕಾಯಿ ಅಲುಗಾಡಿದರೆ ಅದು ಲೆಕ್ಕಕ್ಕಿಲ್ಲ. ಮುಟ್ಟಿದ ಕಾಯಿಗೆ ಹೋಗಲು ಒಂದೂ ಮನೆ ಇಲ್ಲದಿದ್ದರೆ ಬೇರೆ ಕಾಯಿ ನಡೆಸಬಹುದು. ಇದ್ಯಾವುದೂ ಅಲ್ಲದಿದ್ದರೆ ಆ ಹುಡುಗ ಕುದುರೆಯನ್ನೇ ನಡೆಸಬೇಕಿತ್ತು. ನಿಮ್ಮ ಮಗಳ ದೂರು ಸರಿಯಾಗೇ ಇದೆ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಅದು ಪೋಷಕರಿಗೆ ಅಷ್ಟಾಗಿ ಗೊತ್ತಿರೋದಿಲ್ಲ. ಎದುರಾಳಿ ಹೀಗೆ ತಪ್ಪಿದರೆ ಆ ಕ್ಷಣವೇ ಹೇಳಬೇಕು. ನಿಮ್ಮ ಮಗಳು ತನ್ನ ನಡೆಗಾಗಿ ಒಂದು ಕಾಯಿ ಮುಟ್ಟಿದಳು ಅಂದರೆ ದೂರು ಹೇಳುವ ಹಕ್ಕು ಅಲ್ಲಿಗೆ ಮುಗಿಯಿತು. ಆಟ ಮುಗಿದ ಮೇಲೆ ನೀವು ಒಳಗೆ ಹೋಗಿ ಕೇಳಿದಾಗ ಆರ್ಬಿಟರ್ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅದನ್ನು ಅವರು ನಿಮ್ಮನ್ನು ಹೊರಗೆ ಕರೆದು ಸಮಾಧಾನವಾಗಿ ಹೇಳಬಹುದಿತ್ತು. ಹೇಳದೇ ಹೋಗಿದ್ದಕ್ಕೆ ನಿಮಗೆ ನೋವಾಗಿದೆ, ಅದು ಸಹಜ. ಆದರೆ ಸುತ್ತ ನಲವತ್ತು ಬೋರ್ಡ್‌ನಲ್ಲಿ ಆಟ ನಡೆಯುತ್ತಿದ್ದಾಗ ಅಲ್ಲೇ ನಿಂತು ವಿವರಿಸೋದು ಅವರಿಂದ ಆಗದ ಮಾತು.

ಹಾಗಾದರೆ ಅವಳು ಏನು ಮಾಡಬೇಕಿತ್ತು? ಯಾವ ಕಾಯಿಯನ್ನೂ ಮುಟ್ಟಬಾರದು. ಇಬ್ಬರ ಸಮಯ ಎಣಿಸುವ ಕ್ಲಾಕ್ ನಿಲ್ಲಿಸಿ ಕೈ ಎತ್ತಬೇಕು. ಆರ್ಬಿಟರ್ ಬಂದ ಮೇಲೆ "ಅವನು ಕುದುರೆ ಮುಟ್ಟಿದ" ಅಂತ ಒಂದೇ ಮಾತು ಹೇಳಬೇಕು. ನಾವು ಎದುರಿನ ಮಗುವನ್ನು ಕೇಳುತ್ತೇವೆ. ಈ ವಯಸ್ಸಿನವರು ಬಹಳ ಸಲ "ಹೌದು ಅಂಕಲ್, ಮುಟ್ಟಿದೆ" ಅಂತ ಒಪ್ಪಿಕೊಂಡುಬಿಡುತ್ತಾರೆ. ಒಪ್ಪದೇ ಇದ್ದು, ನಾವೂ ನೋಡಿರದಿದ್ದರೆ, ಸಾಮಾನ್ಯವಾಗಿ ಆಟ ಮುಂದುವರಿಸಿ ಅನ್ನಬೇಕಾಗುತ್ತದೆ. ಆಗಲೂ ಕೈ ಎತ್ತಿದ್ದು ವ್ಯರ್ಥವಾಗೋದಿಲ್ಲ. ಆ ಬೋರ್ಡ್ ಹತ್ತಿರ ನಾವು ಜಾಸ್ತಿ ಹೊತ್ತು ನಿಲ್ಲುತ್ತೇವೆ.

ಇದನ್ನು ಕಲಿಸೋಕೆ ನಿಮಗೆ ಚೆಸ್ ಬರಬೇಕಾಗಿಲ್ಲ. ರಾತ್ರಿ ಊಟ ಆದಮೇಲೆ ಬೋರ್ಡ್ ಹಾಕಿ ಅವಳ ಎದುರು ಕೂತುಕೊಳ್ಳಿ. ಬೇಕಂತಲೇ ಕುದುರೆ ಎತ್ತಿ, ವಾಪಸ್ ಇಟ್ಟು, ಬೇರೆ ಕಾಯಿ ನಡೆಸಿ. ಅವಳು ಕೈ ಎತ್ತಬೇಕು. ಯಜಮಾನರು ಆರ್ಬಿಟರ್ ಆಗಲಿ, ಸ್ವಲ್ಪ ಗಂಭೀರವಾಗಿ ಬಂದು "ಏನಮ್ಮಾ?" ಅಂತ ಕೇಳಲಿ. ಮೊದಲ ದಿನ ನಾಚಿಕೊಳ್ಳುತ್ತಾಳೆ, ನಗುತ್ತಾಳೆ. ನಾಲ್ಕನೇ ದಿನಕ್ಕೆ ಬಾಯಿ ಬಿಡುತ್ತಾಳೆ. ದೊಡ್ಡವರನ್ನು ಕರೆದು ಮಾತಾಡೋದು ತಪ್ಪಲ್ಲ ಅಂತ ನಮ್ಮ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಯಾರೂ ಹೇಳಿಕೊಟ್ಟಿರೋದಿಲ್ಲ. ಕ್ಲಾಸಲ್ಲಿ ಸುಮ್ಮನಿರು ಅಂತಲೇ ಕಲಿಸಿರುತ್ತೇವೆ. ಅಲ್ಲಿ ಬಾಯಿ ಕಟ್ಟಿದ್ದಕ್ಕೆ ಕಾರಣ ಅದೇ. ನೀವು ಕಣ್ಣೆದುರು ಇಲ್ಲದಿದ್ದದ್ದು ಕಾರಣ ಅಲ್ಲ.

ಇನ್ನು ಬಾಗಿಲು. ಪೋಷಕರು ಮೋಸ ಮಾಡುತ್ತಾರೆ ಅಂತ ಅನುಮಾನಪಟ್ಟು ಹೊರಗೆ ಹಾಕುತ್ತಾರೆ ಅನ್ನೋದು ಬಹಳ ಜನರ ತಿಳಿವಳಿಕೆ. ಸನ್ನೆ, ಫೋನು, ಇಂಥದ್ದನ್ನು ತಡೆಯೋದೂ ಒಂದು ಕಾರಣ ಹೌದು. ಆದರೆ ಮಕ್ಕಳ ಟೂರ್ನಿಯಲ್ಲಿ ಅದು ಮುಖ್ಯ ಕಾರಣ ಅಲ್ಲ. ಒಂದು ಘಟನೆ ಹೇಳುತ್ತೇನೆ.

ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಬೋರ್ಡ್‌ಗಳನ್ನು ಹಾಕಿದ್ದೆವು. ಗೋಡೆಯಲ್ಲಿ ಸರಳುಗಳ ಕಿಟಕಿ. ಏಳು ವರ್ಷದ ಒಬ್ಬ ಹುಡುಗ, ಒಂದು ಆನೆ ಜಾಸ್ತಿ ಇಟ್ಟುಕೊಂಡು ಗೆಲ್ಲುವ ಆಟ ಆಡುತ್ತಿದ್ದ. ಪ್ರತಿ ನಡೆಗೆ ಮುಂಚೆ ಕೈಯನ್ನು ಕಾಯಿಯ ಮೇಲೆ ಗಾಳಿಯಲ್ಲಿ ನಿಲ್ಲಿಸಿ ಕಿಟಕಿ ನೋಡುತ್ತಿದ್ದ. ನಾನೂ ತಿರುಗಿ ನೋಡಿದೆ. ಅವನ ತಂದೆ ಕೈ ಕಟ್ಟಿಕೊಂಡು ನಿಂತಿದ್ದರು. ಸನ್ನೆಗಿನ್ನೆ ಏನೂ ಇಲ್ಲ. ಆದರೆ ಹುಡುಗನ ಕೈ ಒಂದು ಕಡೆ ಹೋದಾಗ ಅವರ ಹುಬ್ಬು ಗಂಟಾಗುತ್ತಿತ್ತು, ಇನ್ನೊಂದು ಕಡೆ ಹೋದಾಗ ಸಡಿಲವಾಗುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಆಡುತ್ತಿದ್ದದ್ದು ಬೋರ್ಡ್ ನೋಡಿಕೊಂಡಲ್ಲ, ಅಪ್ಪನ ಹುಬ್ಬು ನೋಡಿಕೊಂಡು. ನಾನು ಹೋಗಿ ಕಿಟಕಿಗೆ ಹಳೇ ಪೇಪರ್ ಅಂಟಿಸಿದೆ. ಐದು ನಿಮಿಷ ಚಡಪಡಿಸಿದ. ಆಮೇಲೆ ಎರಡೂ ಅಂಗೈ ತೊಡೆಯ ಕೆಳಗೆ ಸೇರಿಸಿಕೊಂಡು, ಮುಂದಕ್ಕೆ ಬಾಗಿ, ಬೋರ್ಡ್ ನೋಡೋಕೆ ಶುರುಮಾಡಿದ. ಆ ಆಟ ಡ್ರಾ ಆಯಿತು. ಮುಂದಿನ ರೌಂಡ್‌ನಲ್ಲಿ ಅವನು ಒಂದು ಸಲವೂ ಕಿಟಕಿ ಕಡೆ ತಿರುಗಲಿಲ್ಲ.

ಬಾಗಿಲು ಹಾಕೋದು ಇದಕ್ಕೆ. ತಾಯಿತಂದೆಯ ಮುಖ ಕಾಣುವಷ್ಟು ಹೊತ್ತು ಮಗುವಿನ ತಲೆ ಅರ್ಧ ಅಲ್ಲೇ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಮಗು ಹೆದರಿಬಿಡುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ಕಂಡಂತೆ ಹೆಚ್ಚಿನ ಮಕ್ಕಳು ಕ್ಲಾಕ್ ಶುರುವಾಗಿ ನಾಲ್ಕೈದು ನಡೆ ಆಗುವಷ್ಟರಲ್ಲಿ ಆಟದಲ್ಲಿ ಮುಳುಗಿರುತ್ತಾರೆ. ನಿಮ್ಮ ಮಗಳು ನಿಜಕ್ಕೂ ತುಂಬಾ ಹೆದರುವವಳಾಗಿದ್ದರೆ ಮೊದಲ ರೌಂಡ್‌ಗೆ ಮುಂಚೆ ಆರ್ಬಿಟರ್‌ಗೆ ಒಂದು ಮಾತು ಹೇಳಿ. ನಾವು ಆ ಬೋರ್ಡ್ ಕಡೆ ಒಂದು ಕಣ್ಣಿಟ್ಟಿರುತ್ತೇವೆ. ಬಾತ್‌ರೂಮ್ ಮಾತ್ರ ರೌಂಡ್‌ಗೆ ಮುಂಚೆಯೇ ಮುಗಿಸಿಬಿಡಿ. ತನ್ನ ಸರದಿ ಇರುವಾಗ ಕೇಳದೆ ಎದ್ದು ಹೋಗುವಂತಿಲ್ಲ. ಕೇಳೋಕೆ ನಾಚಿಕೆಪಟ್ಟು ಒದ್ದಾಡುವ ಮಕ್ಕಳನ್ನು ಪ್ರತಿ ಟೂರ್ನಿಯಲ್ಲೂ ನೋಡುತ್ತೇನೆ.

ಪ್ರೇಕ್ಷಕರ ನಿಯಮ ದೊಡ್ಡದೇನಿಲ್ಲ. ಆಟದಲ್ಲಿ ತಲೆಹಾಕಬಾರದು. ಏನಾದರೂ ತಪ್ಪು ಕಂಡರೆ ಆರ್ಬಿಟರ್‌ಗೆ ಮಾತ್ರ ಹೇಳಬೇಕು, ಮಗುವಿಗಲ್ಲ. ಅನುಮತಿ ಇಲ್ಲದೆ ಅಲ್ಲಿ ಫೋನ್ ಬಳಸುವಂತಿಲ್ಲ. ತನ್ನ ಆಟ ಮುಗಿಸಿದ ಮಗುವೂ ಆಮೇಲೆ ಪ್ರೇಕ್ಷಕರ ಲೆಕ್ಕವೇ. ಅದಕ್ಕೇ ಮುಗಿಸಿದವರನ್ನು ಹೊರಗೆ ಕಳಿಸುತ್ತೇವೆ. ಇದರಲ್ಲಿ ತಾಯಂದಿರು ಎಡವುವ ಜಾಗ ಒಂದಿದೆ. ಬೇಕಾದರೆ ಕರೆ ಮಾಡಲಿ ಅಂತ ಮಗುವಿನ ಜೇಬಿನಲ್ಲೋ ಬ್ಯಾಗಿನಲ್ಲೋ ಒಂದು ಫೋನ್ ಇಟ್ಟು ಕಳಿಸುತ್ತಾರೆ. ದಯವಿಟ್ಟು ಬೇಡ. ಆಡುವ ಜಾಗದಲ್ಲಿ ಆಟಗಾರ್ತಿಯ ಮೈಮೇಲೆ ಫೋನ್ ಸಿಕ್ಕರೆ, ಟೂರ್ನಿಯ ನಿಯಮದಲ್ಲಿ ಬೇರೆ ಸಣ್ಣ ಶಿಕ್ಷೆ ಅಂತ ಬರೆದಿಲ್ಲದಿದ್ದರೆ, ಅವಳು ಆ ಆಟ ಸೋತ ಹಾಗೆ. ರಿಂಗ್ ಆಗಬೇಕು ಅಂತೇನೂ ಇಲ್ಲ. ಸ್ಮಾರ್ಟ್‌ವಾಚ್‌ಗೂ ಇದೇ ಮಾತು. ಹುಟ್ಟುಹಬ್ಬಕ್ಕೆ ಕೊಡಿಸಿದ ವಾಚ್ ಕೈಯಲ್ಲಿದ್ದರೆ ಬಾಗಿಲ ಹತ್ತಿರವೇ ಬಿಚ್ಚಿ ನಿಮ್ಮ ಪರ್ಸಿಗೆ ಹಾಕಿಕೊಳ್ಳಿ.

ಯಜಮಾನರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮಗುವಿಗೆ ಟೆನ್ಷನ್ ಆಗೋದು ನೀವು ಬಂದಿದ್ದೀರಿ ಅಂತಲ್ಲ. ಸೋತು ಹೊರಗೆ ಬಂದರೆ ನಿಮ್ಮ ಮುಖ ಹೇಗಿರುತ್ತೋ ಅಂತ.

2023ರ ಆಗಸ್ಟ್‌ನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ಚೆಸ್ ವಿಶ್ವಕಪ್ ನಡೆಯಿತಲ್ವಾ, ಆಗ ನಮ್ಮ ದೇಶದ ಆಟಗಾರ ಪ್ರಜ್ಞಾನಂದನ ತಾಯಿ ನಾಗಲಕ್ಷ್ಮಿ ಅವರ ಫೋಟೋ ಎಲ್ಲ ಕಡೆ ಬಂದಿತ್ತು. ಮಗ ಪತ್ರಕರ್ತರ ಜೊತೆ ಮಾತಾಡುತ್ತಿದ್ದಾನೆ, ಅಮ್ಮ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ಆಟದ ಕೋಣೆಯಿಂದ ಹೊರಗೆ ಬಂದು ಅಪ್ಪನನ್ನು ತಬ್ಬಿಕೊಂಡದ್ದನ್ನೂ ನೀವು ನೋಡಿರಬಹುದು. ಅಷ್ಟು ದೊಡ್ಡ ಆಟದಲ್ಲೂ ತಂದೆಯ ಜಾಗ ಬಾಗಿಲ ಹೊರಗೇ. ನಿಮ್ಮ ಜಾಗವೂ ಅದೇ. ಅದು ಸಣ್ಣ ಜಾಗ ಅಂತ ತಿಳಿಯಬೇಡಿ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ ನೋಡೋಣ. ಕೋಚ್ ಜೊತೆ ಮಾತ್ರ ಕಳಿಸೋದಾದರೆ ಅವರನ್ನು ಒಂದು ಪ್ರಶ್ನೆ ಕೇಳಿ: ಎಷ್ಟು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೀರಿ? ಮೂರು ನಾಲ್ಕು ಅಂದರೆ ಪರವಾಗಿಲ್ಲ. ಹನ್ನೆರಡು ಹದಿನೈದು ಅಂದರೆ ನಿಮ್ಮ ಮಗಳು ಸೋತು ಬಂದ ಹೊತ್ತಿಗೆ ಅವರು ಇನ್ನೊಬ್ಬರ ಜೊತೆ ಇರುತ್ತಾರೆ. 8 ವರ್ಷದ ಮಗು ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಕಟ್ಟಡದಲ್ಲಿ ಒಂದು ಗಂಟೆ ಒಂಟಿಯಾಗಿ ಅಲೆಯೋದು ನನಗೆ ಒಪ್ಪಿಗೆ ಇಲ್ಲ.

ಬಿಟ್ಟು ಹೋಗಿ, ಆಮೇಲೆ ಬಂದು ಕರೆದುಕೊಳ್ಳೋದು ಇನ್ನೊಂದು ದಾರಿ. ಇಲ್ಲಿ ಸಮಯದ ಲೆಕ್ಕ ತಪ್ಪುತ್ತದೆ. ಒಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಜಾಸ್ತಿ ಅಂತ ಕ್ಲಾಕ್ ಇದ್ದರೆ, 60 ನಡೆಯ ಆಟಕ್ಕೆ ಇಬ್ಬರದೂ ಸೇರಿ 4 ಗಂಟೆವರೆಗೆ ಹೋಗಬಹುದು. ಅದನ್ನು ನಂಬಿ ಚಾಮುಂಡಿ ಬೆಟ್ಟಕ್ಕೆ ಹೋದಿರೋ, ಮಗು 20 ನಿಮಿಷಕ್ಕೇ ಆಟ ಮುಗಿಸಿ ಹೊರಗೆ ನಿಂತಿರುತ್ತದೆ. ಚಿಕ್ಕ ಮಕ್ಕಳು ಕೊಟ್ಟ ಸಮಯದಲ್ಲಿ ಕಾಲು ಭಾಗವನ್ನೂ ಬಳಸದೆ ಪಟಪಟ ಅಂತ ಆಡಿಬಿಡುತ್ತಾರೆ.

ಕೆಲವು ಕಡೆ ಹಗ್ಗ ಕಟ್ಟಿ ಪ್ರೇಕ್ಷಕರಿಗೆ ಜಾಗ ಮಾಡಿರುತ್ತಾರೆ. ಇಲ್ಲವೇ ಮೊದಲ ಐದು ಹತ್ತು ನಿಮಿಷ ಫೋಟೋ ತೆಗೆಯೋಕೆ ಬಿಡುತ್ತಾರೆ. ಒಂದು ಫೋಟೋ ತೆಗೆದುಕೊಳ್ಳಿ, ಫ್ಲ್ಯಾಶ್ ಇಲ್ಲದೆ. ಆಮೇಲೆ ಇರಬಹುದು ಅಂದರೂ ನೀವಾಗಿಯೇ ಹೊರಗೆ ಬಂದುಬಿಡಿ. ಇದು ನಿಯಮ ಅಲ್ಲ, ಆ ಕಿಟಕಿಯ ಹುಡುಗನನ್ನು ನೋಡಿದ ಮೇಲೆ ನನಗೆ ಬಂದ ನಂಬಿಕೆ.

ಉಳಿದದ್ದು, ನಾನು ಹೇಳುವ ದಾರಿ: ಹೊರಗೆ, ಒಂದೇ ಜಾಗದಲ್ಲಿ ಇರಿ. ಬೆಳಿಗ್ಗೆ ಹೋದ ಕೂಡಲೇ ಅವಳ ಕೈ ಹಿಡಿದು ತೋರಿಸಿ: "ಈ ಮರದ ಕಟ್ಟೆ. ಗೆದ್ದರೂ ಸೋತರೂ ಇಲ್ಲಿಗೆ ಬಾ. ಅಮ್ಮ ಇಲ್ಲೇ ಇರ್ತೀನಿ." ಆಮೇಲೆ ನೀವು ಅಲ್ಲಿಂದ ಏಳಬಾರದು. ಕಾಫಿಗೂ ಯಾರಿಗಾದರೂ ಹೇಳಿ ತರಿಸಿಕೊಳ್ಳಿ. ಹೊರಬಂದ ಮಗು ಗುಂಪಿನಲ್ಲಿ ಅಮ್ಮನನ್ನು ಹುಡುಕುತ್ತಾ ನಿಂತಾಗ ಆ ಮುಖ ಹೇಗಿರುತ್ತೆ ಅಂತ ಒಳಗಿನಿಂದ ನೋಡಿದವನು ನಾನು.

ಹೊರಗೆ ಕಾಯುವ ಜಾಗದಲ್ಲೂ ಸ್ವಲ್ಪ ಹುಷಾರು. ನಿಮ್ಮ ಮಗುವಿನ ರೇಟಿಂಗ್ (ಆಟದ ಮಟ್ಟ ತೋರಿಸುವ ಅಂಕ) ಎಷ್ಟು, ಯಾವ ಕೋಚ್, ದಿನಕ್ಕೆ ಎಷ್ಟು ಗಂಟೆ ಅಂತ ಮಾತು ಶುರುವಾಗುತ್ತದೆ. ಮೂರು ದಿನ ಅದನ್ನೇ ಕೇಳಿಸಿಕೊಂಡರೆ ನಿಮ್ಮ ಮಗಳ ಮೇಲೆ ನಿಮಗೇ ಅನುಮಾನ ಬರುತ್ತದೆ. ಒಂದು ಪುಸ್ತಕವೋ ಹೆಣಿಗೆಯೋ ಜೊತೆಗಿರಲಿ. ಆ ಗುಂಪಿನ ಗಲಾಟೆಯೇ ಎಷ್ಟೋ ಸಲ ಬಾಗಿಲು ದಾಟಿ ಒಳಗಿನ ಮಕ್ಕಳಿಗೆ ಕೇಳಿಸುತ್ತಿರುತ್ತದೆ, ಅದೂ ನೆನಪಿರಲಿ.

ಇನ್ನು, ಅವಳು ಕಟ್ಟೆ ಹತ್ತಿರ ಬಂದ ಮೊದಲ ನಿಮಿಷ. "ಏನಾಯ್ತು? ಗೆದ್ಯಾ?" ಅಂತ ಮಾತ್ರ ಕೇಳಬೇಡಿ. ಅವಳೇ ಹೇಳುತ್ತಾಳೆ. ನೀರಿನ ಬಾಟಲಿ ಮುಚ್ಚಳ ತೆಗೆದು ಕೈಗೆ ಕೊಡಿ. ಅತ್ತರೆ ಅಳಲಿ, "ಇಷ್ಟಕ್ಕೆಲ್ಲ ಅಳ್ತಾರಾ" ಅನ್ನಬೇಡಿ. ಅಷ್ಟು ಹೊತ್ತು ಒಬ್ಬಳೇ ಕೂತು ಯೋಚಿಸಿ, ಕೊನೆಗೆ ತನ್ನದೇ ತಪ್ಪಿಂದ ಸೋತಿದ್ದಾಳೆ. ದೊಡ್ಡ ಆಟಗಾರರಿಗೂ ಅದು ನುಂಗಲಾರದ ತುತ್ತು. ಮುಂದಿನ ರೌಂಡ್ ಇರುವಾಗ ಫೋನ್ ತೆಗೆದು, ನಡೆಗಳನ್ನು ಪರೀಕ್ಷಿಸುವ ಎಂಜಿನ್ ಅನ್ನೋ ಆ್ಯಪ್‌ಗೆ ಆಟ ಹಾಕಿ, "ನೋಡು ಇಲ್ಲಿ ತಪ್ಪು ಮಾಡಿದೀಯ" ಅಂತ ಕೆಂಪು ಗುರುತು ತೋರಿಸುವ ಪೋಷಕರಿದ್ದಾರೆ. ಆ ಮಗು ಮುಂದಿನ ಆಟಕ್ಕೆ ಬಂದು ಕೂತಾಗ ಕೈ ನಡುಗುತ್ತಿರುತ್ತದೆ. ನಡೆಗಳನ್ನು ಬರೆದ ಸ್ಕೋರ್‌ಶೀಟನ್ನು ಮಡಚದೆ ಫೈಲ್‌ನಲ್ಲಿಟ್ಟು ಊರಿಗೆ ಬಂದ ಮೇಲೆ ಕೋಚ್ ಕೈಗೆ ಕೊಡಿ. ಅವರ ಕೆಲಸ ಅದು.

ಸ್ಕೋರ್‌ಶೀಟ್ ಅಂದಾಗ ಇನ್ನೊಂದು ಹೇಳಲೇಬೇಕು. ಆಟ ಮುಗಿದ ಮೇಲೆ ಇಬ್ಬರೂ ಫಲಿತಾಂಶ ಬರೆದು ಸಹಿ ಮಾಡಬೇಕು. ಗೆದ್ದ ಖುಷಿಯಲ್ಲೋ ಸೋತ ದುಃಖದಲ್ಲೋ ಮಕ್ಕಳು ತಿರುವುಮುರುವಾಗಿ ಬರೆದು ಸಹಿ ಹಾಕಿಬಿಡುತ್ತಾರೆ. ಆರ್ಬಿಟರ್ ಬೇರೆ ತೀರ್ಮಾನ ಮಾಡದಿದ್ದರೆ ಸಹಿ ಹಾಕಿದ್ದೇ ಖಾಯಂ. ಬಿಳಿ ಗೆದ್ದರೆ 1–0, ಕಪ್ಪು ಗೆದ್ದರೆ 0–1. ಮನೆಯಲ್ಲಿ ಹತ್ತು ಸಲ ಬರೆಸಿ. ಪ್ರತಿ ರೌಂಡ್ ಆದಮೇಲೆ ಹಾಕುವ ಪಟ್ಟಿಯಲ್ಲಿ ಅವಳ ಫಲಿತಾಂಶ ಸರಿಯಾಗಿ ಬಂದಿದೆಯಾ ನೋಡೋದು ನಿಮ್ಮ ಕೆಲಸ. ತಪ್ಪಿದ್ದರೆ ಮುಂದಿನ ರೌಂಡ್‌ನ ಪೇರಿಂಗ್ (ಯಾರ ಎದುರು ಯಾರು ಅನ್ನುವ ಪಟ್ಟಿ) ಮಾಡುವ ಮುಂಚೆ ಹೇಳಬೇಕು.

ಮೊದಲ ಆಟ ಸೋತರೆ ಎಲ್ಲ ಮುಗಿಯಿತು ಅನ್ನೋದು ಸುಳ್ಳು. ಇಂಥ ಟೂರ್ನಿಗಳು ಸಾಮಾನ್ಯವಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಯಾರೂ ಹೊರಬೀಳೋದಿಲ್ಲ. ಆದಷ್ಟು ಸಮ ಅಂಕ ಇರುವವರನ್ನೇ ಎದುರುಬದುರು ಹಾಕುತ್ತಾ ಹೋಗುತ್ತಾರೆ. ರೇಟಿಂಗ್ ಬಿದ್ದುಹೋಗುತ್ತೆ ಅನ್ನುವ ಭಯವೂ ಬೇಡ. 2024ರ ಮಾರ್ಚ್‌ನಿಂದ ಫಿಡೆ ರೇಟಿಂಗ್ ಶುರುವಾಗೋದೇ 1400ರಿಂದ. ರೇಟಿಂಗ್ ಇರುವವರ ಎದುರು ಕನಿಷ್ಠ 5 ಆಟ ಆಡಿ ಆ ಮಟ್ಟ ಮುಟ್ಟಿದ ಮೇಲೆ ತಾನೇ ಅದು ಸಿಗೋದು. ನಿಮ್ಮ ಮಗಳ ಹತ್ತಿರ ಇನ್ನೂ ಬೀಳೋಕೆ ಏನೂ ಇಲ್ಲ. ಗುಕೇಶ್ 12ನೇ ವಯಸ್ಸಿಗೇ ಚೆಸ್‌ನ ಅತಿ ದೊಡ್ಡ ಪಟ್ಟವಾದ ಗ್ರ್ಯಾಂಡ್‌ಮಾಸ್ಟರ್ ಪಡೆದ, ನಿಜ. ಆದರೆ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನವರೇ ಆದ ತೇಜ್‌ಕುಮಾರ್, 2017ರಲ್ಲಿ ಆ ಪಟ್ಟ ಪಡೆದಾಗ ಮೂವತ್ತು ದಾಟಿದ್ದರು.

ನಿಜವಾಗಲೂ ಅನ್ಯಾಯ ಆಗಿದೆ ಅನ್ನಿಸಿದರೆ? ಹಾಲ್ ಒಳಗೆ ನುಗ್ಗಬೇಡಿ. ಚೀಫ್ ಆರ್ಬಿಟರನ್ನು ಹೊರಗೆ ಕರೆಸಿ ಮಾತಾಡಿ. ಅದೂ ಆಗದಿದ್ದರೆ ಮೇಲ್ಮನವಿ ಸಮಿತಿ ಇರುತ್ತದೆ. ಎಷ್ಟು ಹೊತ್ತಿನೊಳಗೆ, ಎಷ್ಟು ಠೇವಣಿ ಕಟ್ಟಿ ಕೊಡಬೇಕು ಅನ್ನೋದು ಟೂರ್ನಿಯ ಪ್ರಾಸ್ಪೆಕ್ಟಸ್‌ನಲ್ಲಿ ಇರುತ್ತದೆ, ಹೋಗುವ ಮುಂಚೆಯೇ ಓದಿಕೊಳ್ಳಿ. ಒಂದು ವಿಷಯಕ್ಕೆ ಮಾತ್ರ ಇದ್ಯಾವುದೂ ಲೆಕ್ಕಕ್ಕಿಲ್ಲ. ದೊಡ್ಡವರು ಯಾರಾದರೂ ಮಗುವನ್ನು ಹೆದರಿಸಿದರು, ಮೈಮುಟ್ಟಿದರು ಅಂತ ಅವಳು ಹೇಳಿದರೆ ರೌಂಡ್ ಮುಗಿಯಲಿ ಅಂತ ಕಾಯಬೇಡಿ. ಆ ಕ್ಷಣವೇ ಬಾಗಿಲು ತಟ್ಟಿ.

ಅತ್ತೆಯವರ ವಿಷಯ. ಕರೆದುಕೊಂಡು ಬನ್ನಿ, ಆದರೆ ಕೊನೆಯ ದಿನ. ಮೂರು ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರೋದು ಅವರ ಸೊಂಟಕ್ಕೆ ಕಷ್ಟ, ಆಟವೂ ಅವರಿಗೆ ಕಾಣೋದಿಲ್ಲ. ಕೊನೆಯ ರೌಂಡ್ ಆದಮೇಲೆ ಬಹುಮಾನ ಶುರುವಾಗೋಕೆ ಎಷ್ಟೋ ಹೊತ್ತಾಗುತ್ತದೆ. ಆಗ ನಿಮ್ಮದೇ ಬೋರ್ಡ್ ತೆಗೆದು ಆ ಕಟ್ಟೆಯ ಮೇಲೆ ಹಾಕಿ, ಸ್ಕೋರ್‌ಶೀಟ್ ಅವಳ ಕೈಗೆ ಕೊಡಿ. ಅವಳಿಗೆ ಇಷ್ಟವಾದ ಒಂದು ಆಟವನ್ನು ಮೊದಲ ನಡೆಯಿಂದ ಅಜ್ಜಿಗೆ ಆಡಿ ತೋರಿಸಲಿ. ನೀವೂ ಪಕ್ಕದಲ್ಲಿ ಕೂತು ನೋಡಿ.